ಮನೆಯಿಂದ ಮಾವಿನ ಶೆಡ್ಡಿಗೆ ಯಾವ ಕೇಬಲ್?

ಪ್ರಶ್ನೆ: ರಾಯಲ್ಪಾಡಿನ ಹತ್ತಿರ ನಮ್ಮ ಮಾವಿನ ತೋಟ. ಮನೆಯ ಸ್ವಿಚ್‌ನಿಂದ ಕಾಯಿ ತೂಗುವ ಶೆಡ್ಡಿನ ಸ್ವಿಚ್‌ಗೆ 160 ಮೀಟರ್ ಕ್ಯಾಟ್-6 ಎಳೆಸಿದ್ದೇವೆ. ಕ್ಯಾಮೆರಾ ಚಿತ್ರ ತಡೆದು ತಡೆದು ಬರುತ್ತದೆ. ಮೇ ತಿಂಗಳ ಗುಡುಗು ಮಳೆಗೆ ಎರಡೂ ಕಡೆ ಪೋರ್ಟ್ ಸುಟ್ಟವು. ಇನ್ನೂ ಒಳ್ಳೆಯ ಕೇಬಲ್ ಹಾಕಿಸಬೇಕೆ?

ಉತ್ತರ: ದಯವಿಟ್ಟು ಮತ್ತೆ ತಾಮ್ರಕ್ಕೆ ದುಡ್ಡು ಸುರಿಯಬೇಡಿ. ಎಷ್ಟೇ ದುಬಾರಿಯದನ್ನು ತಂದರೂ ಸ್ವಿಚ್‌ನಿಂದ ಸ್ವಿಚ್‌ಗೆ ಅದರ ಮಿತಿ 100 ಮೀಟರ್. ಲೈಟ್ ಮಿನುಗುತ್ತಿದ್ದರೂ ಅದರಾಚೆಗೆ ಸಿಗ್ನಲ್ ಸೊರಗಿ ಪ್ಯಾಕೆಟ್‌ಗಳು ಕಳೆದುಹೋಗುತ್ತವೆ. ನಡುವೆ ಇನ್ನೊಂದು ಸ್ವಿಚ್ ಇಟ್ಟರೆ ದೂರದ ತೊಂದರೆ ನೀಗೀತು, ಸಿಡಿಲಿನದು ನೀಗದು. ಮನೆಯ ಅರ್ಥಿಂಗೇ ಬೇರೆ, ಶೆಡ್ಡಿನದೇ ಬೇರೆ. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೆ ಎರಡರ ನಡುವೆ ಏಳುವ ವೋಲ್ಟೇಜ್ ನಿಮ್ಮ ತಾಮ್ರದ ತಂತಿಯಲ್ಲೇ ಹರಿದು ಪೋರ್ಟ್‌ಗಳನ್ನು ಸುಡುತ್ತದೆ. ಫೈಬರಿನ ಗಾಜಿನೆಳೆಯಲ್ಲಿ ಹಾಯುವುದು ಬೆಳಕು ಮಾತ್ರ.

ಸಿಂಗಲ್ ಮೋಡ್ ಫೈಬರನ್ನೇ ಹಾಕಿಸಿ. ಗ್ರಾಮ ಪಂಚಾಯಿತಿಗಳಿಗೆ ಭಾರತ್‌ನೆಟ್ ತಂದಿರುವುದೂ, ಮನೆಗಳಿಗೆ ಇಂಟರ್ನೆಟ್ ಕೊಡುವವರು ಎಳೆಯುವುದೂ ಅದನ್ನೇ. ಹಾಗಾಗಿ ಸ್ಪ್ಲೈಸಿಂಗ್ ಬಲ್ಲವರು ಹುಡುಕಿದರೆ ಸಿಗುತ್ತಾರೆ. ಒಳಗೆ ಉಕ್ಕಿನ ತಂತಿಯಿಲ್ಲದ ಕೇಬಲ್ ಕೇಳಿ ಪಡೆಯಿರಿ, ಇಲ್ಲವಾದರೆ ಆ ತಂತಿಯೇ ಸಿಡಿಲಿಗೆ ದಾರಿಯಾದೀತು. ಇಲಿ ಕಡಿಯದಂತೆ ಪೈಪಿನೊಳಗೆ ಹೂಳಿಸಿ.

ಸ್ವಿಚ್‌ಗಳಲ್ಲಿ ಎಸ್‌ಎಫ್‌ಪಿ ಕಿಂಡಿ ಇದ್ದರೆ ಎರಡೂ ಕಡೆಗೆ 1310 ನ್ಯಾನೋಮೀಟರಿನ, 10 ಕಿಲೋಮೀಟರ್ ಓಡುವ ಒಂದೇ ಬಗೆಯ ಗಿಗಾಬಿಟ್ ಮಾಡ್ಯೂಲ್ ಸಾಕು. ಕಿಂಡಿ ಇಲ್ಲದಿದ್ದರೆ ತುದಿಗೊಂದು ಮೀಡಿಯಾ ಕನ್ವರ್ಟರ್. ಎರಡೆಳೆಯ ಫೈಬರಾದರೆ ಈ ಕಡೆಯ ಟಿಎಕ್ಸ್ ಆ ಕಡೆಯ ಆರ್‌ಎಕ್ಸ್‌ಗೆ ಸೇರಬೇಕು. ಲಿಂಕ್ ಬಾರದಿದ್ದರೆ ಮೊದಲು ಒಂದು ತುದಿಯಲ್ಲಿ ಎರಡನ್ನೂ ಅದಲುಬದಲು ಮಾಡಿ ನೋಡಿ. ಕನೆಕ್ಟರಿನ ಬಣ್ಣವನ್ನೂ ಗಮನಿಸಿ: ಹಸಿರಿನದರ ತುದಿ ಓರೆ, ನೀಲಿಯದು ನೇರ. ಹಸಿರು ನೀಲಿಯೊಳಗೆ ಕೂತರೂ ಗಾಜಿಗೆ ಗಾಜು ತಾಗದೆ ಬೆಳಕು ಸೋರಿಹೋಗುತ್ತದೆ. ತುದಿಯನ್ನು ಬೆರಳಲ್ಲಿ ಮುಟ್ಟಬೇಡಿ, ಕಣ್ಣಿಟ್ಟು ನೋಡಲೇಬೇಡಿ. ಆ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ.

ಪ್ರಶ್ನೆ: ಸ್ವಿಚ್ ಗಿಗಾಬಿಟ್‌ನದು, ಕಂಪ್ಯೂಟರೂ ಹೊಸದು. ವೇಗ ಮಾತ್ರ 100 ದಾಟುವುದಿಲ್ಲ. ಏಕೆ?

ಉತ್ತರ: 100ಕ್ಕೆ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ತಂತಿ ಸರಿಯಾಗಿ ಕೂತಿಲ್ಲದಿರಬಹುದು. ಎರಡೂ ತುದಿ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿಸಿ. ಕತ್ತರಿಸಿದ ತಂತಿಯನ್ನು ಬ್ಲೇಡಿನಿಂದ ಕೆರೆಯಿರಿ. ತಾಮ್ರದ ಬಣ್ಣ ಹೋಗಿ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅಂಥ ಕೇಬಲ್ ಬದಲಿಸುವುದೇ ಲೇಸು.