ಮಾಸ್ತರಿಲ್ಲದ ರೈಲು ನಿಲ್ದಾಣ

ಪ್ರಾತಃಪ್ರಾರ್ಥನೆಯ ಗಂಟೆಯಾದ ಮೇಲೆ ಬಂದವರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ನಮ್ಮ ಶಾಲೆಯ ಹಳೆಯ ವಾಡಿಕೆಯೆಂಬುದನ್ನು ಪೂರ್ವ ವಿದ್ಯಾರ್ಥಿನಿಯರು ಮರೆತಿರಲಾರರು. ಚಿಕ್ಕಬಳ್ಳಾಪುರದ ರೈಲುಮಾರ್ಗದ ಒಂದು ಹಾಲ್ಟಿನಿಂದ ಬರುವ ಹುಡುಗಿಯ ಹೆಸರು ಕಳೆದ ವರ್ಷ ಆ ಪುಸ್ತಕದಲ್ಲಿ ಮೇಲಿಂದ ಮೇಲೆ ಬಂದುದನ್ನು ಕಂಡು, ಅವಳನ್ನು ಕರೆಯಿಸಿ ಗದರಿಸಿದೆವು. "ಗಾಡಿ ತಡವಾಯಿತು, ಮಿಸ್" ಎಂದಳು. ಹಾಗಾದರೆ ಸ್ಟೇಷನ್ ಮಾಸ್ತರರಿಂದ ಒಂದು ಚೀಟಿಯನ್ನು ಬರೆಸಿಕೊಂಡು ಬಾ ಎಂದೆವು. "ಅಲ್ಲಿ ಮಾಸ್ತರರೇ ಇಲ್ಲವಲ್ಲ, ಮಿಸ್!"

ಈ ಉತ್ತರಕ್ಕೆ ನಮ್ಮಲ್ಲಿ ಪ್ರತ್ಯುತ್ತರವಿರಲಿಲ್ಲ. ಆ ನಿಲ್ದಾಣಗಳ ವೃತ್ತಾಂತವನ್ನು ವಿಚಾರಿಸತೊಡಗಿದುದು ಅಂದಿನಿಂದಲೇ.

ಯಶವಂತಪುರದಿಂದ ಯಲಹಂಕ, ದೇವನಹಳ್ಳಿಗಳ ಮೂಲಕ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ಲಘು ರೈಲುಮಾರ್ಗದಲ್ಲಿ 1915ರಲ್ಲಿ ಬಂಡಿಗಳು ಓಡಲಾರಂಭಿಸಿದುವು. ಅದಕ್ಕೆ ಎರಡು ವರ್ಷ ಮುಂಚೆ, 1913ರಲ್ಲಿ, ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಇಂಥದೇ ಮಾರ್ಗವಾಗಿತ್ತು. ಕಂಬಿಗಳ ನಡುವಣ ಅಂತರ ಎರಡೂವರೆ ಅಡಿ ಮಾತ್ರ. ಇಂದಿನ ಅಗಲ ಮಾರ್ಗದಲ್ಲಿ ಅದು ಐದೂವರೆ ಅಡಿ. ಹಗುರವಾದ ಕಂಬಿ, ಕಿರಿದಾದ ಭೂಮಿ, ಬಿಗಿಯಾದ ತಿರುವು ಇವುಗಳಿಂದ ವೆಚ್ಚ ಕಡಮೆಯಾಗುತ್ತಿದ್ದಿತು, ವೇಗವೂ ಕಡಮೆಯೇ! ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಈ ಸ್ಥಳಗಳಲ್ಲಿ ಕಲ್ಲಿನ ಚಿಕ್ಕ ಕಟ್ಟಡಗಳು ಎದ್ದುವು. ಆವತಿಯು ದೇವನಹಳ್ಳಿಯ ಕೋಟೆಯನ್ನು ಕಟ್ಟಿಸಿದ ನಾಡಪ್ರಭುಗಳ ಮೂಲಸ್ಥಾನವೆಂಬುದನ್ನು ನಮ್ಮ ಮಕ್ಕಳು ಚರಿತ್ರೆಯಲ್ಲಿ ಓದಿರುವರು.

ಉಗಿಯಂತ್ರದ ಕಾಲದಲ್ಲಿ ನಿಲ್ದಾಣಕ್ಕೆ ಜನ ಬೇಕಾಗಿದ್ದಿತು. ಯಂತ್ರಕ್ಕೆ ನೀರು ತುಂಬಬೇಕು. ಒಂಟಿ ಮಾರ್ಗದಲ್ಲಿ ಎದುರುಬದುರಾಗಿ ಬಂಡಿಗಳು ಬಾರದಂತೆ ಮುಂದಿನ ನಿಲ್ದಾಣದ ಅನುಮತಿಯನ್ನು ಪಡೆಯಬೇಕು. ಟಿಕೆಟು ಕೊಡಬೇಕು, ಮೂಟೆಗಳನ್ನು ತೂಗಬೇಕು. 1990ರ ದಶಕದಲ್ಲಿ ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗವು ಅಗಲವಾಯಿತು. ಡೀಸೆಲ್ ಯಂತ್ರಕ್ಕೆ ನೀರಿನ ತೊಟ್ಟಿ ಬೇಡ. ಬಂಡಿಗಳು ಒಂದನ್ನೊಂದು ದಾಟದ ಸ್ಥಳದಲ್ಲಿ ಮಾಸ್ತರರೂ ಬೇಡ. ಹಳೆಯ ಕಟ್ಟಡಗಳಿಗೆ ಬೀಗ ಬಿದ್ದುದು ಹೀಗೆ. ಇತ್ತೀಚೆಗೆ ಇಂಟ್ಯಾಕ್ ಸಂಸ್ಥೆಯೂ ನೈಋತ್ಯ ರೈಲ್ವೆಯೂ ಸೇರಿ ನಂದಿ ಹಾಲ್ಟಿನ ಕಟ್ಟಡವನ್ನು ಜೀರ್ಣೋದ್ಧಾರಗೊಳಿಸಿರುವುದು ಸಂತೋಷದ ವಿಷಯ.

ಹಾಲ್ಟಿನಲ್ಲಿ ಸಿಗ್ನಲ್ ಇರುವುದಿಲ್ಲ. ಟಿಕೆಟನ್ನು ಬಹುಮಟ್ಟಿಗೆ ಕಮಿಷನ್ ಪಡೆಯುವ ಗುತ್ತಿಗೆದಾರನೇ ಮಾರುವನು. ಗಾರ್ಡ್ ಎನಿಸಿಕೊಂಡಿದ್ದು 2022ರಿಂದ ಟ್ರೈನ್ ಮ್ಯಾನೇಜರ್ ಎಂಬ ಹೆಸರು ಪಡೆದಿರುವವರು ಸನ್ನೆ ಕೊಟ್ಟೊಡನೆ ಗಾಡಿ ಹೊರಡುವುದು. ಗಾಡಿ ಏಕೆ ಬರಲಿಲ್ಲ, ಎಷ್ಟು ಹೊತ್ತಿಗೆ ಬರುವುದು ಎಂದು ಹೇಳುವ ಅಧಿಕಾರಿ ಅಲ್ಲಿಲ್ಲ. ಕಾದು ನಿಂತ ಹುಡುಗಿಗೆ ಕಂಬಿಯನ್ನು ನೋಡುತ್ತಿರುವುದಲ್ಲದೆ ಬೇರೆ ಉಪಾಯವೇನು?

ಜಪಾನಿನ ಹೊಕ್ಕೈಡೊ ದ್ವೀಪದಲ್ಲಿ ಕ್ಯೂ-ಶಿರಾತಾಕಿ ಎಂಬ, ಸಿಬ್ಬಂದಿಯಿಲ್ಲದ ಮರದ ನಿಲ್ದಾಣವಿದ್ದಿತು. ಪ್ರೌಢಶಾಲೆಗೆ ಹೋಗುವ ಒಬ್ಬಳೇ ಹುಡುಗಿಗಾಗಿ ರೈಲ್ವೆಯವರು ಅದನ್ನು ತೆರೆದಿಟ್ಟಿದ್ದರೆಂಬ ಕಥೆ ಲೋಕವನ್ನೆಲ್ಲ ಸುತ್ತಿತು. ನಾವೂ ಪ್ರಾರ್ಥನಾಸಭೆಯಲ್ಲಿ ಹೇಳಿದ್ದೆವು; ಅದನ್ನು ಇಲ್ಲಿ ತಿದ್ದಿಕೊಳ್ಳಬೇಕು. ಪ್ರಯಾಣಿಕರ ಕೊರತೆಯಿಂದ ಮುಚ್ಚಲು ನಿಶ್ಚಯಿಸಿದ ಆ ನಿಲ್ದಾಣವು 2016ರ ಮಾರ್ಚ್ 26ರಂದು, ವೇಳಾಪಟ್ಟಿ ಬದಲಾಗುವ ದಿನ, ಮುಚ್ಚಿತು. ಹುಡುಗಿಯ ವಿದ್ಯಾಭ್ಯಾಸವು ಮುಗಿದುದೂ ಆ ಮಾರ್ಚಿಯಲ್ಲಿಯೇ. ಆದರೂ ದಿನಕ್ಕೆ ಬೆರಳೆಣಿಕೆಯ ಗಾಡಿಗಳು ನಿಲ್ಲುತ್ತಿದ್ದ ಆ ಸ್ಥಳದಿಂದ ಅವಳು ಶಾಲೆಯನ್ನು ಮುಗಿಸಿದಳೆಂಬುದು ನಿಜ. ನಮ್ಮ ಮಾರ್ಗದಲ್ಲಿಯೂ 2021ರಲ್ಲಿ ವಿಮಾನ ನಿಲ್ದಾಣದ ಬಳಿ ಹೊಸ ಹಾಲ್ಟ್ ತೆರೆಯಿತು. ವಿಮಾನವೇರುವವರಿಗೆ ಗಾಡಿ ತಪ್ಪಿದರೆ ಮೋಟಾರು ಉಂಟು. ನಮ್ಮ ಹುಡುಗಿಗೆ ಗಾಡಿ ತಪ್ಪಿದರೆ ಅಂದಿನ ಪಾಠವೇ ಇಲ್ಲ.

ಅವಳ ಹೆಸರಿನ ಮುಂದಿದ್ದ ಗುರುತುಗಳನ್ನು ನಾವೇ ಹೊಡೆದುಹಾಕಿದೆವು. ರೈಲಿನ ಮಕ್ಕಳಿಗೆ ಈಗ ಪುಸ್ತಕದಲ್ಲಿ ಬೇರೆ ಪುಟವಿದೆ. ಮೊದಲ ಪಾಠದಲ್ಲಿ ತಪ್ಪಿದುದನ್ನು ಮಧ್ಯಾಹ್ನದ ಬಿಡುವಿನಲ್ಲಿ ಹೇಳಿಕೊಡಲಾಗುವುದು. ಇಂಥ ಮಕ್ಕಳ ತಾಯ್ತಂದೆಗಳು ಗಾಡಿಯ ವೇಳೆಯನ್ನು ಬರೆದು ಕಚೇರಿಗೆ ಕೊಡಬೇಕಾಗಿ ಕೋರುತ್ತೇವೆ. ಚಿಕ್ಕ ಬಂಡಿಯಲ್ಲಿ ಶಾಲೆಗೆ ಬಂದ ಹಿರಿಯ ವಿದ್ಯಾರ್ಥಿನಿಯರು ತಮ್ಮ ನೆನಪುಗಳನ್ನು ಬರೆದು ಕಳುಹಿಸಿದರೆ ಶಾಲೆಯ ಪುಸ್ತಕಾಲಯದಲ್ಲಿ ಇಡುತ್ತೇವೆ.