ಒಂದು ಸ್ಯಾಕ್ಸೊಫೋನು, ಎರಡು ಮೇಳಗಳು

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 25 ಕಿಲೋಮೀಟರುಗಳಷ್ಟು ಸಾಗಿದರೆ ಬಿ.ಸಿ.ರೋಡ್ ಎಂಬ ಪೇಟೆ ಸಿಕ್ಕುವುದು. ಬಂಟ್ವಾಳ ಕ್ರಾಸ್ ರೋಡ್ ಎಂಬ ಹೆಸರೇ ಜನರ ಬಾಯಲ್ಲಿ ಹೀಗೆ ಚಿಕ್ಕದಾಗಿದೆ. ಅಲ್ಲಿಂದ ನೇತ್ರಾವತಿಯನ್ನು ದಾಟಿದರೆ ಪಾಣೆಮಂಗಳೂರು. ಅದರ ಆಚೆಗೆ, ಅದೇ ಬಂಟ್ವಾಳ ತಾಲೂಕಿಗೆ ಸೇರಿದ ಸಜೀಪಮೂಡ ಗ್ರಾಮ. ಈ ಗ್ರಾಮದ ನಾಗಸ್ವರ ವಾದಕರೊಬ್ಬರ ಮನೆಯಲ್ಲಿ 1949ರ ಡಿಸೆಂಬರಿನಲ್ಲಿ ಹುಟ್ಟಿದ ಬಾಲಕನೇ ಮುಂದೆ ಸ್ಯಾಕ್ಸೊಫೋನಿನ ವಿದ್ವಾಂಸರೆಂದು ಲೋಕಪ್ರಸಿದ್ಧರಾದ ಕದ್ರಿ ಗೋಪಾಲನಾಥರು.

ಮೈಸೂರು ಅರಮನೆಯ ವಾದ್ಯವೃಂದದಲ್ಲಿ ಈ ವಿದೇಶೀ ವಾದ್ಯವನ್ನು ಕೇಳಿ ಅವರು ಅದಕ್ಕೆ ಮನಸೋತರು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ, ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಶಿಕ್ಷಣ ಪಡೆದು, ಹಲವು ವರ್ಷಗಳ ಸಾಧನೆಯಿಂದ ಕರ್ಣಾಟಕ ಸಂಗೀತವನ್ನು ಅದರಲ್ಲಿ ನುಡಿಸಿದರು. 2004ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. 2019ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು.

ಪಿಟೀಲು, ಮೃದಂಗ, ತಂಬೂರಿಗಳೊಡನೆ ಕೂಡಿದ ಕಛೇರಿಯೇ ಅವರ ಮುಖ್ಯ ಮೇಳ. ಆದರೆ ಅವರು ಅಷ್ಟಕ್ಕೇ ನಿಲ್ಲಲಿಲ್ಲ. 1980ರಲ್ಲಿ ಮುಂಬಯಿಯ ಜಾಸ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರ ಜೊತೆಗೂಡಿ ನುಡಿಸಿದರು. 1994ರಲ್ಲಿ ತೆರೆಕಂಡ ‘ಡ್ಯುಯೆಟ್’ ಎಂಬ ತಮಿಳು ಚಿತ್ರದಲ್ಲಿ ಎ.ಆರ್. ರಹಮಾನರ ಸಂಗೀತಕ್ಕೆ ಅವರ ಸ್ಯಾಕ್ಸೊಫೋನು ದನಿಗೂಡಿತು. 2008ರಲ್ಲಿ ಹೊರಬಂದ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಣದಲ್ಲಿ ಭಾರತೀಯ ಮೂಲದ ಅಮೆರಿಕನ್ ಜಾಸ್ ವಾದಕ ರುದ್ರೇಶ ಮಹಂತಪ್ಪನವರೊಡನೆ, ಗಿಟಾರು ಮತ್ತು ಪಾಶ್ಚಾತ್ಯ ಡ್ರಮ್ಮುಗಳ ನಡುವೆ ನುಡಿಸಿದರು.

ರಾಕ್ ಸಂಗೀತದಲ್ಲಿ ಹೆಸರಾದ ವಾದಕನು ಬಿಡುವಿನಲ್ಲಿ ಬೇರೊಂದು ಮೇಳ ಕಟ್ಟಿ ಪಾಪ್ ಶೈಲಿಯಲ್ಲಿ ನುಡಿಸುವುದನ್ನು ಇಂದಿನ ವಿದ್ಯಾರ್ಥಿಗಳು ಕೇಳಿಯೇ ಇರುವರು. ಅಂಥ ಸಂದರ್ಭದಲ್ಲಿ ಅಭಿಮಾನಿಗಳಲ್ಲಿ ಒಂದು ವಿವಾದ ಹುಟ್ಟುವುದುಂಟು. “ಕೈ ಅದೇ, ವಾದ್ಯ ಅದೇ, ಆದರೆ ನಾದ ಮಾತ್ರ ಅದಲ್ಲ” ಎಂದು ಕೆಲವರು ದೂರುವರು. ಕಛೇರಿಯ ರಸಿಕರೂ ಇದೇ ಮಾತನ್ನಾಡುವುದುಂಟು. ಇದು ಕೇವಲ ಅಭಿರುಚಿಯ ಮಾತೇ, ಅಥವಾ ಮೇಳ ಬದಲಾದಾಗ ನಾದದಲ್ಲಿ ನಿಜವಾಗಿಯೂ ಏನಾದರೂ ಬದಲಾಗುವುದೇ? ಈ ಪ್ರಶ್ನೆಗೆ ಭೌತವಿಜ್ಞಾನವು ಕೊಡುವ ಉತ್ತರವನ್ನು ಇಲ್ಲಿ ವಿಚಾರಿಸೋಣ.

ಕೊಳವೆಯೊಳಗಿನ ಗಾಳಿ

ಸ್ಯಾಕ್ಸೊಫೋನನ್ನು ನಿರ್ಮಿಸಿದವನು ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್. 1846ರಲ್ಲಿ ಅವನಿಗೆ ಫ್ರಾನ್ಸಿನಲ್ಲಿ ಇದರ ಪೇಟೆಂಟು ದೊರೆಯಿತು. ವಾದ್ಯದ ಮೈ ಹಿತ್ತಾಳೆಯದು. ಬಾಯಿಗಿಡುವ ತುದಿಯಲ್ಲಿ ತೆಳುವಾದ ಜೊಂಡಿನ ಪಟ್ಟಿಯೊಂದು ಇರುವುದು. ಊದಿದಾಗ ಈ ಪಟ್ಟಿಯು ಕಂಪಿಸುತ್ತ ಗಾಳಿಯ ದಾರಿಯನ್ನು ತೆರೆಯುತ್ತ, ಮುಚ್ಚುತ್ತ ಇರುವುದು. ಇದರಿಂದ ಕೊಳವೆಯೊಳಗಿನ ಗಾಳಿಯು ಕಂಪಿಸಿ ನಾದ ಹೊರಡುವುದು. ಇಲ್ಲಿ ಹಾಡುವುದು ಹಿತ್ತಾಳೆಯಲ್ಲ, ಗಾಳಿ ಎಂಬುದನ್ನು ಮರೆಯಬಾರದು. 1953ರಲ್ಲಿ ಕೆನಡಾದ ಟೊರಾಂಟೊ ನಗರದ ಪ್ರಸಿದ್ಧ ಕಛೇರಿಯೊಂದರಲ್ಲಿ ಚಾರ್ಲಿ ಪಾರ್ಕರ್ ಎಂಬ ಜಾಸ್ ವಾದಕನು ಪ್ಲಾಸ್ಟಿಕ್ಕಿನ ಸ್ಯಾಕ್ಸೊಫೋನನ್ನು ನುಡಿಸಿದನು. ಕೇಳಿದವರಿಗೆ ಅದು ಸ್ಯಾಕ್ಸೊಫೋನಾಗಿಯೇ ಕೇಳಿಸಿತು. ಕೊಳವೆ ಯಾವ ವಸ್ತುವಿನದು ಎಂಬುದಕ್ಕಿಂತಲೂ ಅದರ ಆಕಾರ ಯಾವುದು ಎಂಬುದೇ ಹೆಚ್ಚು ಮುಖ್ಯ.

ಕೊಳವೆಯೊಂದು ಕೇವಲ ಒಂದೇ ಕಂಪನವನ್ನು ಕೊಡುವುದಿಲ್ಲ. ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಕಂಪನಗಳೂ ಕೂಡಿ ಬರುವುವು. ಇವುಗಳಿಗೆ ಉಪಸ್ವರಗಳೆಂದು ಹೆಸರು. ಯಾವ ಉಪಸ್ವರ ಎಷ್ಟು ಬಲವಾಗಿದೆ ಎಂಬುದನ್ನು ಅನುಸರಿಸಿ ನಾದಗುಣವು ಏರ್ಪಡುವುದು. ಒಂದೇ ಷಡ್ಜವನ್ನು ಕೊಳಲೂ ಪಿಟೀಲೂ ನುಡಿಸಿದಾಗ ನಾವು ಅವುಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಬಹುಮಟ್ಟಿಗೆ ಇದರಿಂದಲೇ.

ಸ್ಯಾಕ್ಸೊಫೋನಿನ ಕೊಳವೆ ಶಂಕುವಿನ ಆಕಾರದ್ದು. ಬಾಯಿಯ ಕಡೆ ಕಿರಿದಾಗಿ, ಹೊರಗಡೆಗೆ ಹಿರಿದಾಗುತ್ತ ಹೋಗುವುದು. ಕ್ಲಾರಿನೆಟ್ಟಿನದು ಬಹುಮಟ್ಟಿಗೆ ಒಂದೇ ಅಳತೆಯ ನಳಿಕೆ. ಒಂದು ತುದಿ ಮುಚ್ಚಿದ ನಳಿಕೆಯಲ್ಲಿ ಮೂಲಸ್ವರದ 1, 3, 5 ಪಟ್ಟಿನ ಕಂಪನಗಳು ಮಾತ್ರ ಚೆನ್ನಾಗಿ ನಿಲ್ಲುವುವು. ಶಂಕುವಿನಲ್ಲಿಯಾದರೋ 1, 2, 3, 4 ಎಂದು ಎಲ್ಲವೂ ನಿಲ್ಲುವುವು. ಆದುದರಿಂದಲೇ ಸುಮಾರು ಒಂದೇ ಉದ್ದದ ಕ್ಲಾರಿನೆಟ್ಟು ಮತ್ತು ನೇರವಾದ ಚಿಕ್ಕ ಸ್ಯಾಕ್ಸೊಫೋನುಗಳನ್ನು ಹೋಲಿಸಿದರೆ, ಕ್ಲಾರಿನೆಟ್ಟು ಇನ್ನೂ ತಗ್ಗಿನ ಸ್ವರಕ್ಕೆ ಇಳಿಯಬಲ್ಲದು. ಬಲವಾಗಿ ಊದಿದಾಗ ಅದು ಮೂರು ಪಟ್ಟಿನ ಸ್ವರಕ್ಕೆ ನೆಗೆಯುವುದು, ಸ್ಯಾಕ್ಸೊಫೋನು ಎರಡು ಪಟ್ಟಿನ ಸ್ವರಕ್ಕೆ, ಅಂದರೆ ಮೇಲಿನ ಸ್ಥಾಯಿಗೆ, ಏರುವುದು.

ನಮ್ಮ ನಾಗಸ್ವರವೂ ಶಂಕುವೇ. ಅದರ ಬಾಯಲ್ಲಿಯೂ ಕಂಪಿಸುವ ಪೀಪಿ ಇರುವುದು. ಹೀಗಿರುವಲ್ಲಿ ನಾಗಸ್ವರದ ಮನೆಯಲ್ಲಿ ಬೆಳೆದ ಬಾಲಕನ ಕಿವಿಗೆ ಸ್ಯಾಕ್ಸೊಫೋನು ಅಪರಿಚಿತವಾಗಿ ಕೇಳದಿದ್ದುದು ಸಹಜವೆನ್ನಬೇಕು. ಹುಟ್ಟಿದ ದೇಶಗಳು ಬೇರೆಯಾದರೂ ಇವೆರಡೂ ಒಂದೇ ಭೌತನಿಯಮದ ಮಕ್ಕಳು.

ಕೀಲಿಗಳೂ ಗಮಕವೂ

ಆದರೆ ಒಂದು ದೊಡ್ಡ ತೊಡಕಿತ್ತು. ನಾಗಸ್ವರದ ರಂಧ್ರಗಳನ್ನು ಬೆರಳುಗಳೇ ಮುಚ್ಚುವುವು. ಬೆರಳನ್ನು ಮೆಲ್ಲನೆ ಸರಿಸಿ ರಂಧ್ರವನ್ನು ಅರೆ ತೆರೆದರೆ ಸ್ವರವು ಒಂದರಿಂದ ಇನ್ನೊಂದಕ್ಕೆ ಜಾರುವುದು. ಗಮಕಕ್ಕೆ ಈ ಜಾರುವಿಕೆಯೇ ಪ್ರಾಣ. ಸ್ಯಾಕ್ಸೊಫೋನಿನ ರಂಧ್ರಗಳಾದರೋ ಬೆರಳಿಗಿಂತ ದೊಡ್ಡವು. ಅವುಗಳನ್ನು ಮುಚ್ಚಲು ಮೆತ್ತೆಯಿಟ್ಟ ಕೀಲಿಗಳಿವೆ. ಕೀಲಿಯು ತೆರೆಯುವುದು ಅಥವಾ ಮುಚ್ಚುವುದು. ಸ್ವರವು ಮೆಟ್ಟಿಲು ಹತ್ತಿದಂತೆ ನೆಗೆಯುವುದು.

ಇಂಥ ತೊಡಕು ಸಾಮಾನ್ಯವಾದುದಲ್ಲ. ಹಾರ್ಮೋನಿಯಮ್ಮಿಗೆ ಗಮಕ ಬಾರದು, ಅದರ ಶ್ರುತಿಗಳು ನಮ್ಮವಲ್ಲ ಎಂಬ ಕಾರಣಗಳಿಂದ 1940ರಲ್ಲಿ ಆಕಾಶವಾಣಿಯು ಅದನ್ನು ನಿಷೇಧಿಸಿತ್ತು. ನಿಷೇಧ ಸಡಿಲವಾದುದು 1971ರಲ್ಲಿ. ಸ್ಯಾಕ್ಸೊಫೋನಿಗೂ ಹಾಗೆಯೇ ಬಾಗಿಲು ಮುಚ್ಚಬಹುದಿತ್ತು. ಆದರೆ ಹಾರ್ಮೋನಿಯಮ್ಮಿನ ಪಟ್ಟಿಗಳು ಪೆಟ್ಟಿಗೆಯೊಳಗಿವೆ. ಸ್ಯಾಕ್ಸೊಫೋನಿನ ಪಟ್ಟಿ ವಾದಕನ ತುಟಿಗಳ ನಡುವೆಯೇ ಇದೆ. ತುಟಿಯ ಒತ್ತಡ ಹೆಚ್ಚಿದರೆ ಸ್ವರ ಏರುವುದು, ಸಡಿಲವಾದರೆ ಇಳಿಯುವುದು. ನಾಲಗೆ ಮತ್ತು ಗಂಟಲುಗಳ ಆಕಾರವೂ ಸ್ವರವನ್ನು ಬಾಗಿಸುವುದು. ಗೋಪಾಲನಾಥರು ಈ ಮಾರ್ಗವನ್ನು ಹಿಡಿದರು; ಕೀಲಿಗಳ ವ್ಯವಸ್ಥೆಯಲ್ಲಿಯೂ ತಮಗೆ ತಕ್ಕ ಮಾರ್ಪಾಡುಗಳನ್ನು ಮಾಡಿಕೊಂಡರು. ಮೆಟ್ಟಿಲುಗಳಿದ್ದ ವಾದ್ಯದಲ್ಲಿ ಹೀಗೆ ಇಳಿಜಾರು ಸಿದ್ಧವಾಯಿತು.

ಸರಿಯಾದ ಗಾಂಧಾರ ಯಾವುದು?

ಈಗ ಎರಡು ಮೇಳಗಳ ವಿಷಯಕ್ಕೆ ಬರೋಣ. ಷಡ್ಜವು ಸೆಕೆಂಡಿಗೆ 240 ಕಂಪನಗಳದ್ದೆಂದು ಭಾವಿಸಿರಿ. ತಂಬೂರಿಯೊಡನೆ ಪೂರ್ಣವಾಗಿ ಬೆರೆಯುವ ಅಂತರ ಗಾಂಧಾರವು ಅದರ 5/4ರಷ್ಟು, ಎಂದರೆ 300 ಕಂಪನಗಳಾಗಬೇಕು. ಕೀಬೋರ್ಡು ಮತ್ತು ಗಿಟಾರುಗಳಲ್ಲಿ ಸ್ಥಾಯಿಯನ್ನು 12 ಸಮಭಾಗಗಳಾಗಿ ಹಂಚಿರುವರು. ಅಲ್ಲಿ ಇದೇ ಗಾಂಧಾರ ಸುಮಾರು 302.4 ಕಂಪನಗಳದ್ದು.

ಎರಡೂವರೆ ಕಂಪನಗಳಿಗಿಂತ ಕಡಮೆಯಾದ ಈ ವ್ಯತ್ಯಾಸದಿಂದ ಏನಾಗುವುದು? ಷಡ್ಜದ ಐದನೆಯ ಕಂಪನ 1200. 300ರ ನಾಲ್ಕನೆಯದೂ 1200. ಇವೆರಡೂ ಒಂದರಲ್ಲೊಂದು ಕರಗಿಹೋಗುವುವು. ಆದರೆ 302.4ರ ನಾಲ್ಕನೆಯ ಕಂಪನವು ಸುಮಾರು 1209.5. ಆಗ ಸೆಕೆಂಡಿಗೆ ಒಂಬತ್ತು ಹತ್ತು ಬಾರಿ ನಾದವು ಏರಿಳಿದು ನಡುಗುವುದು. ಈ ನಡುಕಕ್ಕೆ ವಿಸ್ಪಂದ ಎಂದು ಹೆಸರು. ಪಂಚಮದಲ್ಲಿ ಈ ತೊಂದರೆ ಇಲ್ಲವೆಂದೇ ಹೇಳಬಹುದು: ಶುದ್ಧವಾದುದು 360, ಕೀಬೋರ್ಡಿನದು 359.6.

ಇದರ ಪರಿಣಾಮವನ್ನು ಗಮನಿಸಿರಿ. ಕಛೇರಿಯಲ್ಲಿ ತಂಬೂರಿಯ ಮುಂದೆ 300ರ ಗಾಂಧಾರವೇ ಸರಿ. ಅದನ್ನೇ ಕೀಬೋರ್ಡಿನ ಮೇಳದಲ್ಲಿ ಹಿಡಿದು ನಿಲ್ಲಿಸಿದರೆ, ಕೀಬೋರ್ಡಿನ ಗಾಂಧಾರದೊಡನೆ ಅದು ಕಾದಾಡುವುದು. ವಾದಕನು ಒಂದು ಮೇಳದ ಸತ್ಯವನ್ನು ಇನ್ನೊಂದಕ್ಕೆ ಹಾಗೆಯೇ ಕೊಂಡೊಯ್ಯಲಾರನು. ತುಟಿಯನ್ನು ಕೂದಲೆಳೆಯಷ್ಟು ಬಿಗಿಹಿಡಿದು ಸ್ವರವನ್ನು ಹೊಂದಿಸಿಕೊಳ್ಳಬೇಕು. ಆದುದರಿಂದ ನಾದ ಬೇರೆಯಾಯಿತೆಂದು ರಸಿಕನು ದೂರಿದರೆ ಅವನ ಕಿವಿ ಸುಳ್ಳು ಹೇಳುತ್ತಿಲ್ಲ. ಆದರೆ ವಾದಕನು ತಪ್ಪು ಮಾಡಿದನೆಂಬ ಅವನ ತೀರ್ಮಾನ ಮಾತ್ರ ಸರಿಯಲ್ಲ.

ಸೆಕೆಯೂ ಇಲ್ಲೊಂದು ಪಾತ್ರ ವಹಿಸುವುದು. ಗಾಳಿ ಬಿಸಿಯಾದರೆ ಶಬ್ದದ ವೇಗ ಹೆಚ್ಚುವುದು. ಉಷ್ಣತೆ 20 ಡಿಗ್ರಿಯಿಂದ 30 ಡಿಗ್ರಿಗೆ ಏರಿದರೆ ಊದುವ ವಾದ್ಯದ 300 ಕಂಪನಗಳು 305ರ ಸಮೀಪಕ್ಕೆ ಹೋಗುವುವು. ವಿದ್ಯುತ್ತಿನ ಕೀಬೋರ್ಡಿಗೆ ಈ ಬಾಧೆಯಿಲ್ಲ. ಆದುದರಿಂದ ಸ್ಯಾಕ್ಸೊಫೋನಿನವರು ಬಾಯಿತುಂಡನ್ನು ಸ್ವಲ್ಪ ಹೊರಗೆಳೆದು ಕೊಳವೆಯ ಉದ್ದವನ್ನು ಹೆಚ್ಚಿಸಿ ಶ್ರುತಿ ಸೇರಿಸಿಕೊಳ್ಳುವರು.

ರಾಕ್ ಗಿಟಾರಿನ ಗುಟ್ಟು

ಇದೇ ಲೆಕ್ಕದಿಂದ ರಾಕ್ ಮತ್ತು ಪಾಪ್ ನಾದಗಳ ಅಂತರವನ್ನೂ ಅರಿಯಬಹುದು. ರಾಕ್ ವಾದಕರು ಗಿಟಾರಿನ ವಿದ್ಯುತ್ ಸಂಕೇತವನ್ನು ವರ್ಧಕವು ತಾಳಲಾರದಷ್ಟು ಹೆಚ್ಚಿಸುವರು. ಆಗ ಅಲೆಯ ತಲೆ ಕತ್ತರಿಸಿದಂತೆ ಚಪ್ಪಟೆಯಾಗುವುದು. ಮೂಲದಲ್ಲಿಲ್ಲದ ಹೊಸ ಉಪಸ್ವರಗಳು ಹುಟ್ಟಿ ನಾದ ಒರಟಾಗಿ ಘರ್ಜಿಸುವುದು. ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಅವುಗಳ ಮೊತ್ತ ಮತ್ತು ವ್ಯತ್ಯಾಸಗಳ ಕಂಪನಗಳೂ ಉಂಟಾಗುವುವು. 200 ಮತ್ತು 300 ಕಂಪನಗಳ ಷಡ್ಜ ಪಂಚಮಗಳಾದರೆ ಹೊಸದಾಗಿ ಬರುವ 100, 500 ಮೊದಲಾದುವೆಲ್ಲ ನೂರರ ಗುಣಕಗಳೇ. ನಾದ ದಪ್ಪವಾದರೂ ಕೆಡುವುದಿಲ್ಲ. 200ರೊಡನೆ ಗಿಟಾರಿನ ಗಾಂಧಾರವಾದ 252ನ್ನು ಸೇರಿಸಿದರೆ 52, 148, 304, 452 ಎಂಬ ಹೊಂದಿಕೆಯಿಲ್ಲದ ಗುಂಪು ಹುಟ್ಟುವುದು. ಆದುದರಿಂದ ಘರ್ಜಿಸುವ ಗಿಟಾರಿನಲ್ಲಿ ಅನೇಕ ವೇಳೆ ಗಾಂಧಾರವನ್ನು ಬಿಟ್ಟು ಷಡ್ಜ ಪಂಚಮಗಳನ್ನು ಮಾತ್ರ ಮೀಟುವರು. ಅದೇ ವಾದಕನು ಪಾಪ್ ಮೇಳಕ್ಕೆ ಬಂದು ವರ್ಧಕವನ್ನು ತಗ್ಗಿಸಿ ನಿರ್ಮಲ ನಾದವನ್ನು ಬಯಸಿದಾಗ ಗಾಂಧಾರ ಮರಳಿ ಬರುವುದು. ಮೂರು ಸ್ವರಗಳ ಇಂಪಾದ ಕೂಟ ಸಾಧ್ಯವಾಗುವುದು. ಹಾಡುಗಾರನ ದನಿಗೂ ತೆರವು ಸಿಗುವುದು. ಶೈಲಿಯೆಂದು ನಾವು ಕರೆಯುವುದರ ಹಿಂದೆ ಹೀಗೆ ಅಲೆಯ ಆಕಾರವೂ ಇದೆ.

ಹಾಗಾದರೆ ಮೇಳ ಬದಲಾದಾಗ ವಾದಕನ ಗುರುತು ಅಳಿದುಹೋಗುವುದೇ? ‘ಕಿನ್ಸ್‌ಮೆನ್’ ಇದಕ್ಕೆ ಒಳ್ಳೆಯ ಪರೀಕ್ಷೆ. ಅಲ್ಲಿ ಇಬ್ಬರ ಕೈಯಲ್ಲಿಯೂ ಇರುವುದು ಆಲ್ಟೊ ಎಂಬ ಒಂದೇ ಜಾತಿಯ ಸ್ಯಾಕ್ಸೊಫೋನು. ಸುತ್ತಲಿನ ಮೇಳವೂ ಒಂದೇ. ಆದರೂ ಗಮನವಿಟ್ಟು ಕೇಳಿದವನು ಇಬ್ಬರನ್ನೂ ಬೇರ್ಪಡಿಸಬಲ್ಲನು. ಸ್ವರವು ಹುಟ್ಟುವ ಮೊದಲ ಕ್ಷಣದ ರೀತಿ, ಅದು ತೂಗುವ ಬಗೆ, ಮುಂದಿನ ಸ್ವರಕ್ಕೆ ಜಾರುವ ದಾರಿ, ಇವು ನಾದದ ಬಹುಮುಖ್ಯ ಭಾಗಗಳು. ಧ್ವನಿಮುದ್ರಣದಲ್ಲಿ ಪ್ರತಿ ಸ್ವರದ ಆರಂಭದ ತುಣುಕನ್ನು ಕತ್ತರಿಸಿಬಿಟ್ಟರೆ ಪರಿಚಿತ ವಾದ್ಯವನ್ನು ಗುರುತಿಸುವುದೇ ಕಷ್ಟವಾಗುವುದೆಂದು ಪ್ರಯೋಗಗಳಿಂದ ತಿಳಿದಿದೆ. ಮೇಳವು ಶ್ರುತಿಯನ್ನು ಕೇಳಿ ಪಡೆಯಬಹುದು. ಈ ನಡಿಗೆಯನ್ನು ಸುಲಭವಾಗಿ ಕಸಿದುಕೊಳ್ಳಲಾರದು.

ಮನೆಯಲ್ಲಿ ಮಾಡುವ ಪ್ರಯೋಗ

ಮೇಲೆ ಹೇಳಿದ ಕೆಲವು ಅಂಶಗಳನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಎಳನೀರು ಕುಡಿಯುವ ಕೊಳವೆಯೊಂದನ್ನು ತೆಗೆದುಕೊಂಡು, ಒಂದು ತುದಿಯನ್ನು ಒತ್ತಿ ಚಪ್ಪಟೆ ಮಾಡಿರಿ. ಆ ತುದಿಯ ಎರಡು ಮೂಲೆಗಳನ್ನು ಓರೆಯಾಗಿ ಕತ್ತರಿಸಿ ಮೊನೆಯಾಗಿಸಿರಿ. ಮೊನೆಯನ್ನು ತುಟಿಗಳ ಒಳಗೆ ಹಿಡಿದು ಬಲವಾಗಿ ಊದಿದರೆ ಪೀಪಿಯ ಸದ್ದು ಬರುವುದು. ಊದುತ್ತಿರುವಾಗಲೇ ಇನ್ನೊಂದು ತುದಿಯಿಂದ ತುಂಡು ತುಂಡಾಗಿ ಕತ್ತರಿಸುತ್ತ ಬಂದರೆ ಸ್ವರ ಏರುವುದನ್ನು ಕಾಣುವಿರಿ. ಬಳಿಕ ಹೊಸ ಕೊಳವೆಯೊಂದರ ತುದಿಗೆ ಕಾಗದದ ಶಂಕುವೊಂದನ್ನು ಸುತ್ತಿ ಊದಿರಿ. ನಾದ ಎಷ್ಟು ದೊಡ್ಡದಾಯಿತು, ಅದರ ಗುಣ ಹೇಗೆ ಬದಲಾಯಿತು ಎಂದು ಗಮನಿಸಿರಿ. ಕೊನೆಯಲ್ಲಿ ತುಟಿಯ ಒತ್ತಡವನ್ನು ಹೆಚ್ಚು ಕಡಮೆ ಮಾಡಿ ಸ್ವರವನ್ನು ಬಾಗಿಸಲು ಯತ್ನಿಸಿರಿ.

ಮೊದಮೊದಲು ಅದು ಕಿರುಚುವುದು, ಮನೆಯವರು ಗದರಬಹುದು. ತುಸು ತಾಳ್ಮೆಯಿಂದ ಅಭ್ಯಾಸ ಮಾಡಿದರೆ ಕೊಳವೆಯ ಸ್ವರವನ್ನು ಕೂದಲೆಳೆಯಷ್ಟು ಸರಿಸುವುದು ಎಷ್ಟು ಕಷ್ಟವೆಂಬುದು ತಿಳಿಯುವುದು. ಸಜೀಪಮೂಡದ ಬಾಲಕನು ವರ್ಷಗಟ್ಟಲೆ ಯಾವುದಕ್ಕಾಗಿ ಶ್ರಮಿಸಿದನು ಎಂಬುದರ ಅರಿವು ಅಂಥ ಅರ್ಧ ಗಂಟೆಯಲ್ಲಿ ಚೆನ್ನಾಗಿ ಆಗುವುದು.