ಬೆನ್ನುನೋವಿಗೆ ನರಚಿಕಿತ್ಸೆ: ಯಾರಿಗೆ? ಯಾವಾಗ?

ಬೆಳಗಿನ ವೇಳೆ ಮಿಯಾಪುರದಲ್ಲಿ ಮೆಟ್ರೋ ರೈಲು ಹತ್ತುವವರ ಪೈಕಿ, ಸೊಂಟದ ಮೇಲೆ ಕೈಯಿರಿಸಿಕೊಂಡು ನಿಲ್ಲುವವರೂ ಇರುತ್ತಾರೆ. 2017ರ ನವೆಂಬರಿನಲ್ಲಿ ಈ ರೈಲು ಆರಂಭವಾದ ಮೇಲೆ ಪ್ರಯಾಣ ಸುಗಮವಾಯಿತು. ಆದರೆ ದಿನವಿಡೀ ಕುರ್ಚಿಯಲ್ಲಿ ಕುಳಿತಿರಬೇಕಾದ ಉದ್ಯೋಗ ಬದಲಾಗಲಿಲ್ಲ. ಬೀದರ, ಕಲಬುರಗಿ, ರಾಯಚೂರುಗಳಿಂದ ಬಂದು ಕಟ್ಟಡದ ಕೆಲಸದಲ್ಲಿ ಭಾರ ಹೊರುವವರ ಪಾಡಂತೂ ಹೇಳತೀರದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನ 61.9 ಕೋಟಿ ಜನರನ್ನು ಕೆಳಬೆನ್ನಿನ ನೋವು ಬಾಧಿಸುತ್ತಿತ್ತು.

ಮೂರು ತಿಂಗಳು ಮೀರಿದ ನೋವನ್ನು ದೀರ್ಘಕಾಲಿಕವೆನ್ನುತ್ತಾರೆ. ಇದಕ್ಕೆ ಈಗ ಪ್ರಚಾರದಲ್ಲಿರುವ ಚಿಕಿತ್ಸೆಗಳಲ್ಲಿ ರೇಡಿಯೋ ತರಂಗದ ನರಚಿಕಿತ್ಸೆಯೂ ಒಂದು. ಕಶೇರುಗಳ ಹಿಂಬದಿಯಲ್ಲಿ ಜೋಡಿ ಜೋಡಿಯಾಗಿ ಸಣ್ಣ ಕೀಲುಗಳಿವೆ. ಅವುಗಳ ನೋವನ್ನು ಮಿದುಳಿನತ್ತ ಒಯ್ಯುವುದು ಒಂದು ತೆಳುವಾದ ನರದ ಕವಲು. ಕ್ಷ-ಕಿರಣದ ನೆರವಿನಿಂದ ಸೂಜಿಯನ್ನು ಆ ಕವಲಿನ ಬಳಿ ಇರಿಸಿ, ಅದರ ತುದಿಯನ್ನು ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಒಂದು ಒಂದೂವರೆ ನಿಮಿಷ ಕಾಯಿಸಲಾಗುತ್ತದೆ. ಕವಲು ಸಂದೇಶ ಒಯ್ಯುವುದನ್ನು ನಿಲ್ಲಿಸುತ್ತದೆ. ರೋಗಿಯು ಸಾಮಾನ್ಯವಾಗಿ ಅಂದೇ ಮನೆಗೆ ಮರಳಬಹುದು.

ಆದರೆ ನೋವಿನ ಮೂಲ ಆ ಕೀಲುಗಳಲ್ಲಿಯೇ ಇದೆಯೆಂಬುದು ಮೊದಲು ಖಚಿತವಾಗಬೇಕು. ಅದಕ್ಕಾಗಿ ಮರಗಟ್ಟಿಸುವ ಔಷಧಿಯನ್ನು ಚುಚ್ಚಿ ಪರೀಕ್ಷಿಸುತ್ತಾರೆ. ಅದರಿಂದ ನೋವು ಗಣನೀಯವಾಗಿ ತಗ್ಗದಿದ್ದರೆ ಮುಂದುವರಿಯುವುದು ವ್ಯರ್ಥ. ಮೇಲಾಗಿ, ಸುಟ್ಟ ನರವು ಕಾಲಕ್ರಮದಲ್ಲಿ ಮತ್ತೆ ಬೆಳೆಯುತ್ತದೆ; ನೋವೂ ಮರಳಬಹುದು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಸಾಲದ ತೀರುವಳಿಯಲ್ಲ, ವಾಯಿದೆಯ ವಿಸ್ತರಣೆ.

ತಜ್ಞರಲ್ಲಿಯೂ ಒಮ್ಮತವಿಲ್ಲ. 2016ರ ಇಂಗ್ಲೆಂಡಿನ ಮಾರ್ಗಸೂಚಿಯು, ಇತರ ಉಪಾಯಗಳು ಫಲಿಸದೆ ಪರೀಕ್ಷಾ ಚುಚ್ಚುಮದ್ದಿಗೆ ನೋವು ತಗ್ಗಿದವರಿಗೆ ಈ ಚಿಕಿತ್ಸೆಯನ್ನು ಪರಿಗಣಿಸಬಹುದೆಂದಿತು. 2017ರಲ್ಲಿ ಪ್ರಕಟವಾದ, ನೆದರ್ಲೆಂಡಿನ 681 ರೋಗಿಗಳ ಅಧ್ಯಯನಗಳಲ್ಲಿ, ವ್ಯಾಯಾಮದೊಡನೆ ಇದನ್ನು ಸೇರಿಸಿದ್ದರಿಂದ ಹೇಳಿಕೊಳ್ಳುವಂಥ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. 2025ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ತಜ್ಞರ ಶಿಫಾರಸು, ದೀರ್ಘಕಾಲಿಕ ಬೆನ್ನುನೋವಿಗೆ ಇದು ಬೇಡವೆಂದೇ ಹೇಳಿತು.

ಆದುದರಿಂದ ಒಡವೆಯನ್ನು ಅಡವಿಡುವ ಮೊದಲು ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಮೂರು: ಪರೀಕ್ಷಾ ಚುಚ್ಚುಮದ್ದು ನೀಡುವಿರಾ? ಉಪಶಮನ ಎಷ್ಟು ಕಾಲ ಉಳಿದೀತು? ಮತ್ತೆ ಮಾಡಿಸಬೇಕಾದರೆ ಖರ್ಚೆಷ್ಟು? ತೆಲುಗಿನಲ್ಲಿ ನೋವನ್ನು ವಿವರಿಸಲು ತೊಡಕಾಗುವ ಹಿರಿಯರೊಡನೆ ಭಾಷೆ ಬಲ್ಲವರೊಬ್ಬರು ಹೋಗುವುದು ಲೇಸು. ಎಲ್ಲಿ, ಯಾವಾಗ, ಹೇಗೆ ನೋಯುತ್ತದೆಂಬ ವಿವರದ ಮೇಲೆಯೇ ರೋಗನಿರ್ಣಯ ಬಹುಮಟ್ಟಿಗೆ ನಿಂತಿದೆ.

ಮೂತ್ರದ ಹತೋಟಿ ತಪ್ಪುವುದು, ತೊಡೆಸಂದು ಮರಗಟ್ಟುವುದು, ಕಾಲಿನ ಬಲ ಕುಗ್ಗುವುದು, ಜ್ವರದೊಡನೆ ಬೆನ್ನು ನೋಯುವುದು ಕಂಡರೆ ತಡಮಾಡದೆ ಅಂದೇ ಆಸ್ಪತ್ರೆಗೆ ಧಾವಿಸಬೇಕು. ಉಳಿದವರಿಗೆ ದಿನನಿತ್ಯದ ನಡಿಗೆ, ತಿಳಿದವರು ಕಲಿಸಿದ ವ್ಯಾಯಾಮ, ಗಂಟೆಗೊಮ್ಮೆ ಕುರ್ಚಿಯಿಂದೇಳುವ ಅಭ್ಯಾಸ ಇವೇ ಮೊದಲ ಮದ್ದು. ಹಾಸಿಗೆ ಹಿಡಿದು ಮಲಗಿದರೆ ಬೆನ್ನು ಇನ್ನಷ್ಟು ಸೋಲುತ್ತದೆ. ದಿನಕ್ಕೆ ಅರ್ಧ ಗಂಟೆಯನ್ನು ಬೆನ್ನಿಗಾಗಿ ಕೂಡಿಟ್ಟವರು ಸೂಜಿಯ ಪ್ರಸ್ತಾಪಕ್ಕೆ ಅವಸರಪಡಬೇಕಾಗಿಲ್ಲ.